ಹಳೆಯ ಮೋಟಾರಿನ ಸುರುಳಿಗಳು

ಸಿರುಗುಪ್ಪದ ಗೃಹಸ್ಥರೊಬ್ಬರು ಈ ಪುಟಕ್ಕೆ ಪತ್ರವೊಂದನ್ನು ಬರೆದಿರುವರು. ಅವರ ಮನೆಯಲ್ಲಿ ೧೯೯೮ನೆಯ ಇಸವಿಯ ಮಾರುತಿ ೮೦೦ ಕಾರೊಂದು ಉಂಟು. ಅವರ ತೀರ್ಥರೂಪರು ಭತ್ತದ ವ್ಯಾಪಾರದಲ್ಲಿ ಉಳಿಸಿದ ಹಣದಿಂದ ಕೊಂಡದ್ದು. ಬಳ್ಳಾರಿಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮಗನು ಆ ಗಾಡಿಯನ್ನು ಎರಡಂಗುಲದಷ್ಟು ನೆಲದ ಕಡೆಗೆ ತಗ್ಗಿಸಬೇಕೆಂದು ಹಟ ಹಿಡಿದಿರುವನಂತೆ. ತಕ್ಕ ಗಿಡ್ಡ ಸ್ಪ್ರಿಂಗುಗಳು ದೊರೆಯದಿದ್ದರೆ ಈಗಿರುವುವನ್ನೇ ಗ್ಯಾರೇಜಿನಲ್ಲಿ ಕೊಯ್ಯಿಸುವೆನೆಂದು ಅವನ ಮಾತು. ಬೇಡವೆಂದು ತಂದೆಯ ಮಾತು. ಏಕೆ ಬೇಡವೆಂಬುದಕ್ಕೆ ಕಾರಣವನ್ನು ಹೇಳಲಾರದೆ ತಂದೆಯು ಸುಮ್ಮನಾಗಿರುವರು. ಎರಡು ತಿಂಗಳಿಂದ ಮನೆಯಲ್ಲಿ ತಂದೆ ಮಗನಿಗೆ ಮಾತುಕತೆಯಿಲ್ಲ. ಎಂಬತ್ತು ವರ್ಷ ದಾಟಿದ ಅಜ್ಜಿಯನ್ನು ತಿಂಗಳಿಗೆರಡು ಸಲ ಬಳ್ಳಾರಿಯ ವೈದ್ಯರಲ್ಲಿಗೆ ಕರೆದೊಯ್ಯುವುದೂ ಇದೇ ಕಾರಿನಲ್ಲಿ. “ಮೇಷ್ಟ್ರೇ, ಸಂಸ್ಕೃತ ಪಾಠ ಹೇಳಿದವರನ್ನು ಸ್ಪ್ರಿಂಗಿನ ವಿಷಯ ಕೇಳುವುದು ಅಪಚಾರವೇನೋ, ಆದರೂ ನಮ್ಮ ಹುಡುಗ ನಿಮ್ಮ ಮಾತಾದರೆ ಓದುತ್ತಾನೆ” ಎಂದು ಪತ್ರವನ್ನು ಮುಗಿಸಿರುವರು.

ಅಪಚಾರವೇನೂ ಇಲ್ಲ. ವೈಶೇಷಿಕರು ಸಂಸ್ಕಾರವೆಂಬ ಗುಣವನ್ನು ವೇಗ, ಭಾವನೆ, ಸ್ಥಿತಿಸ್ಥಾಪಕವೆಂದು ಮೂರು ಬಗೆಯಾಗಿ ವಿಂಗಡಿಸಿದರು. ಬಾಗಿಸಿದ ವಸ್ತುವನ್ನು ಮರಳಿ ಅದರ ಮೊದಲಿನ ಸ್ಥಿತಿಗೆ ತರುವ ಗುಣವೇ ಮೂರನೆಯದು. ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದ ವಿದ್ಯಾರ್ಥಿಗೆ ಚಾಪೆಯ ದೃಷ್ಟಾಂತವು ನೆನಪಿರಬೇಕು. ಬಹುಕಾಲ ಸುತ್ತಿಟ್ಟ ಚಾಪೆಯನ್ನು ಹಾಸಿದರೆ ಅದು ಮತ್ತೆ ತಾನಾಗಿಯೇ ಸುತ್ತಿಕೊಳ್ಳುವುದಷ್ಟೆ. ನಮ್ಮ ವಿಜ್ಞಾನದ ಪಠ್ಯಪುಸ್ತಕಗಳು ಇಂದಿಗೂ ಈ ಗುಣವನ್ನು ಸ್ಥಿತಿಸ್ಥಾಪಕತ್ವವೆಂದೇ ಕರೆಯುತ್ತವೆ. ಭಾವನೆಯೆಂದರೆ ಸ್ಮರಣೆಗೆ ಕಾರಣವಾದ ಸಂಸ್ಕಾರ; ಉಕ್ಕಿನ ಸುರುಳಿಯನ್ನೂ ಮನುಷ್ಯನ ನೆನಪನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ ಆ ಶಾಸ್ತ್ರಕಾರರ ಬುದ್ಧಿಗೆ ನಾನು ಪ್ರತಿ ವರ್ಷವೂ ತರಗತಿಯಲ್ಲಿ ಬೆರಗಾಗುತ್ತಿದ್ದೆನು. ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬಾತನು ೧೬೭೮ರಲ್ಲಿ ಇದಕ್ಕೆ ಲೆಕ್ಕದ ನಿಯಮವನ್ನು ಪ್ರಕಟಿಸಿದನು: ಹೇರಿದ ಭಾರವು ಇಮ್ಮಡಿಯಾದರೆ ಸುರುಳಿಯು ಕುಗ್ಗುವ ಅಳತೆಯೂ ಇಮ್ಮಡಿಯಾಗುವುದು. ಮುಂದೆ ಹೇಳುವುದೆಲ್ಲವೂ ಈ ಒಂದು ನಿಯಮದ ವಿಸ್ತಾರವೇ.

ಮೊದಲು ಗಾಡಿಯ ಅಡಿಯಲ್ಲಿ ಏನಿದೆಯೆಂಬುದನ್ನು ನೋಡತಕ್ಕದ್ದು. ಹಳೆಯ ಕಾರುಗಳೆಲ್ಲವೂ ನಾಲ್ಕು ಸುರುಳಿಗಳ ಮೇಲೆ ನಿಂತಿರುವುದಿಲ್ಲ. ಅಂಬಾಸಿಡರ್ ಗಾಡಿಯ ಮುಂಭಾಗದಲ್ಲಿ ಸುರುಳಿಯೇ ಇಲ್ಲ. ಉದ್ದನೆಯ ಉಕ್ಕಿನ ಸರಳೊಂದು ತಿರುಚಿಕೊಂಡು ಭಾರವನ್ನು ಹೊರುತ್ತದೆ, ಹಿಂದೆ ಲಾರಿಗಿರುವಂತೆ ಕಮಾನಿನಾಕಾರದ ಪಟ್ಟಿಗಳು. ಪ್ರೀಮಿಯರ್ ಪದ್ಮಿನಿಗೆ ಮುಂದೆ ಸುರುಳಿ, ಹಿಂದೆ ಕಮಾನು ಪಟ್ಟಿ. ೧೯೮೩ರ ಡಿಸೆಂಬರಿನಲ್ಲಿ ಹೊರಬಂದ ಮೊದಲ ಮಾರುತಿಗೂ ಹಿಂದೆ ಪಟ್ಟಿಗಳೇ ಇದ್ದುವು. ೧೯೮೬ರಲ್ಲಿ ಆಕಾರ ಬದಲಾದಾಗ ಅಲ್ಲಿಯೂ ಸುರುಳಿ ಬಂದಿತು. ಕುರುಗೋಡಿನ ನನ್ನ ಹಳೆಯ ಶಿಷ್ಯನೊಬ್ಬನು ತನ್ನ ಪದ್ಮಿನಿಯನ್ನು ತಗ್ಗಿಸಲೆಂದು ದೂರದ ಊರಿನಿಂದ ನಾಲ್ಕು ಗಿಡ್ಡ ಸುರುಳಿಗಳನ್ನು ಮುಂಗಡ ಹಣ ಕೊಟ್ಟು ತರಿಸಿದನು. ಹಿಂದಿನ ಎರಡನ್ನು ಹಾಕಲು ಸ್ಥಳವೆಲ್ಲಿ? ಅವು ಈಗ ಅವನ ಅಂಗಡಿಯಲ್ಲಿ ಲೆಕ್ಕದ ಪುಸ್ತಕಗಳ ಮೇಲೆ ಭಾರವಾಗಿ ಕುಳಿತಿವೆ. ಮುಂದಿನ ಎರಡನ್ನಾದರೂ ಹಾಕಿದನೇ ಎಂದು ಕೇಳಿದರೆ, ಹಾಕಿದನು. ಕಾರು ಮೂಗನ್ನು ನೆಲಕ್ಕೆ ಬಗ್ಗಿಸಿ ಬಾಲವನ್ನೆತ್ತಿದ ಎತ್ತಿನಂತೆ ನಿಂತಿತು, ಮಾರನೆಯ ವಾರವೇ ತೆಗೆಸಿದನು.

ಈಗ ಕೊಯ್ಯುವ ವಿಚಾರ. ಗ್ಯಾರೇಜಿನ ಉಸ್ತಾದರು ಇದನ್ನು ಅರ್ಧ ಗಂಟೆಯ ಕೆಲಸವೆನ್ನುತ್ತಾರೆ. “ಎರಡು ಸುತ್ತು ತೆಗೆದರೆ ಸಾಕು ಸಾರ್, ಗಾಡಿ ತಾನೇ ಕೂತುಬಿಡುತ್ತೆ” ಎಂಬ ಮಾತನ್ನು ನಾನೇ ಕೇಳಿರುವೆನು. ಗಾಡಿಯು ಕುಳಿತುಕೊಳ್ಳುವುದೇನೋ ನಿಜವೇ. ಆದರೆ ಅದರೊಡನೆ ಮತ್ತೇನಾಗುವುದೆಂಬುದನ್ನು, ಹುಡುಗನು ಇಂಜಿನಿಯರಿಂಗ್ ವಿದ್ಯಾರ್ಥಿಯಾದುದರಿಂದ, ಲೆಕ್ಕದಲ್ಲಿಯೇ ತೋರಿಸುವೆನು. ಅಂಕಿಗಳು ಸೌಲಭ್ಯಕ್ಕಾಗಿ ಹಿಡಿದವು. ಅವನ ಗಾಡಿಯ ಅಂಕಿಗಳನ್ನು ಅವನೇ ಅಳೆದುಕೊಳ್ಳಲಿ.

ಒಂದು ಸುರುಳಿಯಲ್ಲಿ ಕೆಲಸ ಮಾಡುವ ಸುತ್ತುಗಳು ೮, ಭಾರವಿಲ್ಲದಾಗ ಅದರ ಉದ್ದ ೩೨೦ ಮಿಲಿಮೀಟರು, ಒಂದು ಮಿಲಿಮೀಟರು ಕುಗ್ಗಲು ೨ ಕಿಲೋ ಭಾರ ಬೇಕು ಎಂದಿಟ್ಟುಕೊಳ್ಳೋಣ. ಅದರ ಮೇಲೆ ೨೦೦ ಕಿಲೋ ಕುಳಿತರೆ ೧೦೦ ಮಿಲಿಮೀಟರು ಕುಗ್ಗಿ ೨೨೦ಕ್ಕೆ ನಿಲ್ಲುವುದು. ಎರಡು ಸುತ್ತು ಕೊಯ್ದರೆ ಉಳಿದುದು ೬ ಸುತ್ತು, ಉದ್ದ ೨೪೦. ಸುತ್ತುಗಳು ಕಡಮೆಯಾದಷ್ಟೂ ಸುರುಳಿಯು ಬಿಗಿಯಾಗುವುದು ನಿಯಮ. ಆದುದರಿಂದ ಈಗ ಮಿಲಿಮೀಟರಿಗೆ ೨ ಕಿಲೋ ಸಾಲದು, ಸುಮಾರು ೨.೬೭ ಕಿಲೋ ಬೇಕು. ಅದೇ ೨೦೦ ಕಿಲೋ ಭಾರಕ್ಕೆ ೭೫ ಮಿಲಿಮೀಟರು ಕುಗ್ಗಿ ೧೬೫ಕ್ಕೆ ನಿಂತಿತು. ಗಾಡಿಯು ೫೫ ಮಿಲಿಮೀಟರು, ಎಂದರೆ ಎರಡಂಗುಲಕ್ಕೆ ಸ್ವಲ್ಪ ಮೇಲೆ ತಗ್ಗಿತು. ಹುಡುಗನು ಬಯಸಿದ್ದು ದೊರೆಯಿತು.

ಚಕ್ರವು ಮೇಲಕ್ಕೆ ಹಾರಿದಾಗ ಕಬ್ಬಿಣಕ್ಕೆ ಕಬ್ಬಿಣ ಬಡಿಯದಂತೆ ರಬ್ಬರಿನ ತಡೆಯೊಂದು ಇರುವುದುಂಟಷ್ಟೆ. ಆ ತಡೆಗೆ ತಾಗುವವರೆಗೆ ಮೊದಲು ೭೦ ಮಿಲಿಮೀಟರು ಜಾಗವಿತ್ತೆಂದರೆ ಈಗ ಉಳಿದುದು ೧೫. ಹಿಂದೆ ಮೂವರು ಕುಳಿತು, ಡಿಕ್ಕಿಯಲ್ಲಿ ೨೫ ಕಿಲೋ ಸೋನಾಮಸೂರಿ ಅಕ್ಕಿಯ ಚೀಲವನ್ನಿಟ್ಟರೆ ಆ ಒಂದು ಚಕ್ರದ ಮೇಲೆ ೬೦ ಕಿಲೋ ಹೆಚ್ಚಾಗಬಹುದು. ಅದಕ್ಕೆ ಸುರುಳಿಯು ಇನ್ನೂ ೨೨ ಮಿಲಿಮೀಟರು ಕುಗ್ಗಬೇಕು. ಇರುವ ಜಾಗವೇ ೧೫! ಗಾಡಿಯು ಮನೆಯ ಮುಂದೆ ನಿಂತಿರುವಾಗಲೇ ರಬ್ಬರಿನ ಮೇಲೆ ಕುಳಿತಿರುವುದು. ಮುಂದಿನ ಪ್ರತಿಯೊಂದು ಹಳ್ಳದ ಪೆಟ್ಟೂ ಸುರುಳಿಗೆ ಹೋಗದೆ ನೇರವಾಗಿ ಗಾಡಿಯ ತಗಡಿಗೂ ಅಜ್ಜಿಯ ಬೆನ್ನೆಲುಬಿಗೂ ಹೋಗುವುದು. ಮಾರುತಿ ೮೦೦ರ ತೂಕವೇ ಸುಮಾರು ೬೫೦ ಕಿಲೋ. ಐದು ಜನ ಕುಳಿತರೆ ಗಾಡಿಯ ಅರ್ಧದಷ್ಟು ತೂಕ ಅದರ ಮೇಲೆ ಬಿದ್ದ ಹಾಗೆ. ದೊಡ್ಡ ಕಾರುಗಳಿಗೆ ಈ ಕಷ್ಟ ಇಷ್ಟಿಲ್ಲ. ಆದುದರಿಂದ ದೊಡ್ಡ ಕಾರನ್ನು ತಗ್ಗಿಸಿದ ಗೆಳೆಯನ ಸಾಕ್ಷ್ಯವು ಇಲ್ಲಿ ಸಲ್ಲದು.

ಕುಲುಕುವಿಕೆಯ ಲೆಕ್ಕವೂ ಇದರಿಂದಲೇ ಹೊರಡುವುದು. ೧೦೦ ಮಿಲಿಮೀಟರು ಕುಗ್ಗಿ ನಿಂತ ಸುರುಳಿಯ ಮೇಲೆ ಗಾಡಿಯು ನಿಮಿಷಕ್ಕೆ ಸುಮಾರು ೯೫ ಸಲ ತೂಗುವುದು, ೭೫ ಕುಗ್ಗಿದುದರ ಮೇಲೆ ೧೦೯ ಸಲ. ಅಂಕಿಯಲ್ಲಿ ಸ್ವಲ್ಪವೆನಿಸಿದರೂ ಮಂಡಿನೋವಿನವರಿಗೆ ಸ್ವಲ್ಪವಲ್ಲ.

ಇದಕ್ಕಿಂತಲೂ ಕೇಡಾದುದು ಇನ್ನೊಂದು. ಗಾಡಿಯು ಉಬ್ಬನ್ನು ದಾಟಿ ಚಕ್ರವು ಕೆಳಕ್ಕೆ ಜೋತುಬಿದ್ದಾಗ ಸುರುಳಿಯ ಎರಡು ಪೀಠಗಳ ನಡುವಣ ದೂರ ೨೯೦ ಮಿಲಿಮೀಟರು ಆಗುವುದೆನ್ನೋಣ. ಮೂಲದ ಸುರುಳಿ ೩೨೦. ಆದುದರಿಂದ ಆಗಲೂ ಅದು ೩೦ ಮಿಲಿಮೀಟರು ಅದುಮಿಕೊಂಡು ಬಿಗಿಯಾಗಿಯೇ ನಿಂತಿರುವುದು. ಕೊಯ್ದ ಸುರುಳಿ ೨೪೦. ಅದು ಪೀಠವನ್ನು ಬಿಟ್ಟು ಸಡಿಲವಾಗಿ ಆಡುವುದು, ಮತ್ತೆ ಕುಳಿತುಕೊಳ್ಳುವಾಗ ಸರಿಯಾದ ತಾಣದಲ್ಲಿ ಕುಳಿತೇ ಕುಳಿತೀತೆಂಬ ಭರವಸೆಯಿಲ್ಲ. ಕೆಲವು ಗಾಡಿಗಳಲ್ಲಿ ಹಿಂದಿನ ಸುರುಳಿಯು ಶಾಕ್ ಅಬ್ಸಾರ್ಬರಿನಿಂದ ಬೇರೆಯಾಗಿ ನಿಂತಿರುತ್ತದೆ. ಅಂಥದು ಪೂರ್ತಿಯಾಗಿ ಹೊರಕ್ಕೇ ಜಾರಬಲ್ಲದು. ಮೂಲದ ಸುರುಳಿಯ ತುದಿಯು ಪೀಠಕ್ಕೆ ಒಪ್ಪುವಂತೆ ರೂಪಗೊಂಡಿರುವುದು. ಕೊಯ್ದ ತುದಿಯು ಕುಡುಗೋಲಿನ ಬಾಯಿಯಂತೆ ಚೂಪಾಗಿ ನಿಲ್ಲುವುದು.

ಗ್ಯಾಸಿನ ಉರಿಯಿಂದ ಕೊಯ್ದರಂತೂ, ಇಲ್ಲವೆ ಕೊಯ್ಯದೆಯೇ ಉರಿಯನ್ನು ಹಿಡಿದು ಸುರುಳಿಯನ್ನು ಕುಸಿಯಿಸಿದರಂತೂ, ಉಕ್ಕಿನ ಹದವೇ ಹೋಗುವುದು. ಸ್ಪ್ರಿಂಗಿನ ಉಕ್ಕನ್ನು ಕೆಂಪಗೆ ಕಾಸಿ ಎಣ್ಣೆಯಲ್ಲಿ ತಣಿಸಿ, ಮತ್ತೆ ಮಿತವಾದ ಶಾಖದಲ್ಲಿಟ್ಟು ಹದಗೊಳಿಸಿರುತ್ತಾರೆ. ಆ ಹದವೇ ಸ್ಥಿತಿಸ್ಥಾಪಕದ ಆಶ್ರಯ. ಉರಿ ತಾಗಿದ ಕಡೆ ಉಕ್ಕು ಮೆತ್ತಗಾಗಿ ದಿನದಿನಕ್ಕೂ ಕುಸಿಯುವುದು, ಅದರ ಪಕ್ಕದಲ್ಲಿ ಪೆಡಸಾಗಿ ಒಂದು ದಿನ ಮುರಿಯುವುದು. ಉಸ್ತಾದರ ಕೈ ಎಷ್ಟೇ ಪಳಗಿದ್ದರೂ ಇದಕ್ಕೆ ಪರಿಹಾರವಿಲ್ಲ.

ಹಾಗಾದರೆ ಗಾಡಿಯನ್ನು ತಗ್ಗಿಸುವ ಬಯಕೆಯೇ ಹುಚ್ಚೆಂದು ನಾನು ಹೇಳಲಾರೆನು. ತಿರುವಿನಲ್ಲಿ ಹಳೆಯ ಕಾರು ಮಗ್ಗುಲಿಗೆ ವಾಲುವುದು ಹುಡುಗನಿಗೆ ಹಿಡಿಸಲಿಲ್ಲವೆಂದು ಪತ್ರದಲ್ಲಿದೆ. ಭಾರದ ಕೇಂದ್ರವು ಕೆಳಗಿಳಿದರೆ ವಾಲುವುದು ಕಡಮೆಯಾಗುವುದೆಂಬುದು ಶಾಸ್ತ್ರಸಿದ್ಧವಾದ ಮಾತು. ಇದಕ್ಕೆಂದೇ ಸುರುಳಿಗಳನ್ನು ತಯಾರಿಸುವ ಹೆಸರುವಾಸಿಯಾದ ಕಾರ್ಖಾನೆಗಳು ಉಂಟು. ಜರ್ಮನಿಯಲ್ಲಿ ೧೯೫೧ರಲ್ಲಿ ಸ್ಥಾಪಿತವಾದ ಐಬಾಕ್ ಅವುಗಳಲ್ಲೊಂದು. ಅವರ ಸುರುಳಿಯು ಕೊಯ್ದ ಸುರುಳಿಯಲ್ಲ. ತಂತಿಯ ದಪ್ಪ, ಸುತ್ತಿನ ಅಗಲ, ಸುತ್ತುಗಳ ನಡುವಣ ಅಂತರ ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕಿರುವರು. ತಂತಿಯ ದಪ್ಪದ ಮಹಿಮೆಯನ್ನು ನೋಡಿರಿ: ೧೦ ಮಿಲಿಮೀಟರಿನ ತಂತಿಗೆ ಬದಲಾಗಿ ೧೧ ಮಿಲಿಮೀಟರಿನದನ್ನು ಹಿಡಿದರೆ, ಉಳಿದುದೆಲ್ಲವೂ ಹಾಗೆಯೇ ಇದ್ದರೂ, ಬಿಗಿಯು ಸುಮಾರು ಒಂದೂವರೆ ಪಾಲಿಗೆ ಏರುವುದು. ಹಲವು ಸುರುಳಿಗಳಲ್ಲಿ ಒಂದು ತುದಿಯ ಸುತ್ತುಗಳು ಒತ್ತಾಗಿಯೂ ಇನ್ನೊಂದು ತುದಿಯವು ವಿರಳವಾಗಿಯೂ ಇರುವುವು. ಚಕ್ರವು ಜೋತುಬಿದ್ದಾಗ ಒತ್ತಾದ ಸುತ್ತುಗಳು ಅರಳಿ ಸುರುಳಿಯನ್ನು ಪೀಠದಲ್ಲಿಯೇ ಹಿಡಿದಿಡುತ್ತವೆ. ಇಂಥ ಸುರುಳಿಯು ಸಾಮಾನ್ಯವಾಗಿ ಒಂದಂಗುಲದಿಂದ ಒಂದೂವರೆ ಅಂಗುಲ ತಗ್ಗಿಸುವುದು. ಆದರೆ ಈ ಕಾರ್ಖಾನೆಗಳು ಮಾಡುವುದು ಆಯಾ ಮಾದರಿಯ ಗಾಡಿಗೆ, ಅದೂ ಹೆಚ್ಚಾಗಿ ಈಚಿನವಕ್ಕೆ. ೨೦೧೪ರ ಜನವರಿಯಲ್ಲಿ ತಯಾರಿಕೆಯೇ ನಿಂತುಹೋದ ಮಾರುತಿ ೮೦೦ಕ್ಕೆ ಹೊಸದಾಗಿ ಲೆಕ್ಕ ಹಾಕಿ ಸುರುಳಿ ಮಾಡುವವರು ವಿರಳ. ಅದರ ಹೆಸರಿನಲ್ಲಿ ಅಂಗಡಿಯಲ್ಲಿ ತೂಗುಹಾಕಿರುವ ಬಣ್ಣದ ಸುರುಳಿಗಳಿಗೆ ತಯಾರಕನ ಗುರುತು, ಗಾಡಿಯ ಮಾದರಿ, ಭಾಗದ ಸಂಖ್ಯೆ ಈ ಮೂರೂ ಮುದ್ರಿತವಾಗಿರದಿದ್ದರೆ, ಅವು ಯಾರೋ ಕೊಯ್ದು ಬಣ್ಣ ಬಳಿದವೆಂದೇ ಭಾವಿಸಿ ಹಿಂದಿರುಗುವುದು ಒಳಿತು.

ಇನ್ನು ನಮ್ಮ ಸೀಮೆಯ ಹಾದಿ. ಸಿರುಗುಪ್ಪದಿಂದ ಬಳ್ಳಾರಿಗೆ ೧೫೦ಎ ರಾಷ್ಟ್ರೀಯ ಹೆದ್ದಾರಿಯಲ್ಲಿ ಸುಮಾರು ೫೫ ಕಿಲೋಮೀಟರು. ಎರೆಭೂಮಿಯು ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿ, ಬೇಸಿಗೆಯಲ್ಲಿ ಬಿರಿದು ಕುಗ್ಗುವ ಜಾತಿಯ ಮಣ್ಣು. ಅದರ ಮೇಲೆ ಹಾಕಿದ ರಸ್ತೆಯು ಹೊಸದಾಗಿದ್ದಾಗ ಚೆನ್ನಾಗಿದ್ದರೂ ಕಾಲಕ್ರಮದಲ್ಲಿ ಅಲೆಅಲೆಯಾಗುವುದು. ಅಂಥ ಅಲೆಯ ಮೇಲೆ ಗಾಡಿಯು ದೋಣಿಯಂತೆ ಏರಿಳಿಯುವಾಗ ಚಕ್ರದ ಮೇಲಿನ ಜಾಗವೇ ಆಧಾರ. ಗದ್ದೆ ಬಯಲಿನ ಕಾಲುವೆಗಳ ಮೇಲಿನ ಸಣ್ಣ ಸೇತುವೆಗಳು ನಡು ಎತ್ತರವಾಗಿ ಬೆನ್ನುಬ್ಬಿಕೊಂಡಿರುತ್ತವೆ. ತಗ್ಗಿದ ಗಾಡಿಯ ಹೊಟ್ಟೆ ಅಲ್ಲಿ ಉಜ್ಜುವುದು. ಕುರುಗೋಡಿನ ಕಡೆ ಮಣ್ಣು ಬೇರೆ, ಬಂಡೆಗಲ್ಲಿನ ಗುಡ್ಡಗಳ ನೆಲ. ಅಲ್ಲಿ ಅಲೆಗಿಂತ ಕಲ್ಲಿನ ಭಯವೇ ಹೆಚ್ಚು. ರಸ್ತೆಯ ವೇಗತಡೆಗೆ ಭಾರತೀಯ ರಸ್ತೆ ಕಾಂಗ್ರೆಸ್ಸು ನಿಗದಿಪಡಿಸಿದ ಅಳತೆಯೇನೋ ಉಂಟು: ೩.೭ ಮೀಟರು ಅಗಲ, ೧೦ ಸೆಂಟಿಮೀಟರು ಎತ್ತರ. ಊರವರು ರಾತ್ರೋರಾತ್ರಿ ಹಾಕಿಕೊಂಡ ಉಬ್ಬುಗಳು ಆ ಪುಸ್ತಕವನ್ನು ಕಂಡಿಲ್ಲ. ಅದರ ಮೇಲೆ ಮಾರುತಿಯ ಚಕ್ರಗಳು ೧೨ ಅಂಗುಲದವು. ಸಣ್ಣ ಚಕ್ರವು ದೊಡ್ಡ ಚಕ್ರಕ್ಕಿಂತ ಆಳವಾಗಿ ಹಳ್ಳಕ್ಕಿಳಿಯುವುದು.

ಕಾನೂನಿನ ಮಾತನ್ನೂ ಹೇಳಿಬಿಡುವೆನು. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು ಗಾಡಿಯ ಮಾರ್ಪಾಡನ್ನು ಕುರಿತದ್ದು. ತಯಾರಕನ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಬದಲಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ೨೦೧೯ರ ಜನವರಿಯಲ್ಲಿ ತೀರ್ಪು ಕೊಟ್ಟಿದೆ. ಅದೇ ವರ್ಷದ ತಿದ್ದುಪಡಿಯ ಮೇರೆಗೆ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲಿಕನಿಗೆ ೫೦೦೦ ರೂಪಾಯಿ ದಂಡವನ್ನಾಗಲಿ ಆರು ತಿಂಗಳವರೆಗೆ ಸೆರೆಯನ್ನಾಗಲಿ ಎರಡನ್ನೂ ಆಗಲಿ ವಿಧಿಸಬಹುದು. ಮಾಲಿಕನೆಂದರೆ ಇಲ್ಲಿ ತಂದೆ, ಹುಡುಗನಲ್ಲ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕಾದುದರಿಂದ ೧೯೯೮ರ ಗಾಡಿಯು ೨೦೨೮ರಲ್ಲಿ ಮತ್ತೆ ಪರಿಶೀಲನೆಗೆ ನಿಲ್ಲಬೇಕಾಗುವುದು. ವಿಮೆಯವರಿಗೆ ತಿಳಿಸದೆ ಮಾಡಿದ ಮಾರ್ಪಾಡು, ಅಪಘಾತವಾದಾಗ ಪರಿಹಾರದ ತಕರಾರಿಗೂ ದಾರಿಯಾಗಬಲ್ಲದು.

ನನ್ನ ಅಭಿಪ್ರಾಯವನ್ನು ಕೇಳಿದರೆ, ಈ ಕಾರಿಗೆ ತಗ್ಗಿಸುವ ಸುರುಳಿಯನ್ನು ಹುಡುಕುವುದು ಬೇಡ. ಅದರ ಸ್ವಂತ ಎತ್ತರವನ್ನು ಹುಡುಕಬೇಕು. ಕಾಲು ಶತಮಾನಕ್ಕೂ ಮೇಲೆ ಭಾರ ಹೊತ್ತ ಸುರುಳಿಗಳು ಈಗಾಗಲೇ ಕುಸಿದಿರುವ ಸಂಭವ ಬಹಳ. ತಿರುವಿನಲ್ಲಿ ಗಾಡಿಯು ಥಟ್ಟನೆ ವಾಲಿ ತೂಗಾಡುವುದಕ್ಕೆ ಎತ್ತರಕ್ಕಿಂತ ಹೆಚ್ಚಾಗಿ ಸತ್ತುಹೋದ ಶಾಕ್ ಅಬ್ಸಾರ್ಬರುಗಳೂ ಸವೆದ ರಬ್ಬರಿನ ಬುಷ್‌ಗಳೂ ಕಾರಣವಾಗಿರುತ್ತವೆ. ಸುರುಳಿಯು ಭಾರವನ್ನು ಹೊರುವುದು; ತೂಗಾಟವನ್ನು ನಿಲ್ಲಿಸುವುದು ಶಾಕ್ ಅಬ್ಸಾರ್ಬರಿನ ಒಳಗಿನ ಎಣ್ಣೆ. ಗಾಡಿಯ ಮೂಲೆಯೊಂದನ್ನು ಬಲವಾಗಿ ಅದುಮಿ ಬಿಟ್ಟರೆ ಅದು ಒಮ್ಮೆ ಎದ್ದು ನಿಲ್ಲಬೇಕು. ಎರಡು ಮೂರು ಸಲ ತೂಗಿದರೆ ಎಣ್ಣೆ ಸೋರಿದೆಯೆಂದರ್ಥ.

ಅಳತೆಯ ಕೆಲಸವನ್ನು ತಂದೆಯವರು ಮಗನ ಕೈಗೇ ಕೊಡಲಿ. ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಗಳಿಗೆ ಕೊರತೆಯಿಲ್ಲ; ಪರಿಚಯದ ಗಿರಣಿಯ ಸಿಮೆಂಟಿನ ಕಣದಷ್ಟು ಸಮನಾದ ನೆಲ ಬೇರೆಲ್ಲಿ ದೊರೆಯಬೇಕು? ಟೈರಿನ ಗಾಳಿಯನ್ನು ಸರಿಮಾಡಿ, ಖಾಲಿ ಗಾಡಿಯನ್ನು ಅಲ್ಲಿ ನಿಲ್ಲಿಸಿ, ನಾಲ್ಕು ಕಡೆಯೂ ಚಕ್ರದ ನಟ್ಟನಡುವಿನಿಂದ ಮೇಲಿನ ಮಡ್ಗಾರ್ಡಿನ ಅಂಚಿನವರೆಗೆ ಅಳೆದು ಬರೆದುಕೊಳ್ಳತಕ್ಕದ್ದು. ನೆಲದಿಂದ ಅಳೆದರೆ ಟೈರಿನ ಸವೆತವೂ ಸೇರಿಕೊಳ್ಳುವುದು. ಎಡಬಲಗಳಿಗೆ ಒಂದು ಸೆಂಟಿಮೀಟರಿಗೆ ಮೀರಿದ ವ್ಯತ್ಯಾಸವಿದ್ದರೆ ಒಂದು ಸುರುಳಿ ಕುಸಿದಿದೆ ಅಥವಾ ಮುರಿದಿದೆ. ಕುಟುಂಬದವರೆಲ್ಲರೂ ಕುಳಿತ ಮೇಲೆ ಇನ್ನೊಮ್ಮೆ ಅಳೆಯಲಿ, ಅಜ್ಜಿಯವರೂ ಕುಳಿತಿರಲಿ. ಅದೇ ಗಿರಣಿಯ ಲಾರಿ ತೂಕದ ಕಾಟಾದ ಮೇಲೆ ಮುಂದಿನ ಎರಡು ಚಕ್ರಗಳನ್ನು ಮಾತ್ರ ಹತ್ತಿಸಿ ಒಂದು ತೂಕ, ಹಿಂದಿನ ಎರಡನ್ನು ಮಾತ್ರ ಹತ್ತಿಸಿ ಇನ್ನೊಂದು ತೂಕ ತೆಗೆದರೆ ಯಾವ ಸುರುಳಿಯ ಮೇಲೆ ಎಷ್ಟು ಭಾರವೆಂಬುದು ಸ್ಥೂಲವಾಗಿ ತಿಳಿಯುವುದು. ಹುಡುಗನು ಮೇಲೆ ನಾನು ಹಾಕಿದ ಲೆಕ್ಕವನ್ನು ತನ್ನ ಸ್ವಂತ ಅಂಕಿಗಳಿಂದ ಹಾಕಿ ತಂದೆಯ ಮುಂದಿಡಲಿ. ಆ ಕಾಗದದ ಮೇಲೆ ಇಬ್ಬರಿಗೂ ಮಾತು ಹುಟ್ಟೀತು.

ಸುರುಳಿಯನ್ನು ಬಿಚ್ಚುವುದು ಮಾತ್ರ ಮನೆಯಂಗಳದ ಕೆಲಸವಲ್ಲ. ಅದುಮಿದ ಸ್ಪ್ರಿಂಗಿನಲ್ಲಿ ಅಡಗಿರುವ ಶಕ್ತಿಯು ಕೈಯನ್ನು ಮುರಿಯುವಷ್ಟಿರುವುದು. ಅದನ್ನು ಹಿಡಿಯುವ ಕ್ಲಾಂಪು ಉಳ್ಳವರಲ್ಲಿಯೇ ಬಿಚ್ಚಿಸತಕ್ಕದ್ದು. ಮುಂದಿನವೆರಡನ್ನೂ ಜೊತೆಯಾಗಿ, ಹಿಂದಿನವೆರಡನ್ನೂ ಜೊತೆಯಾಗಿ ಬದಲಿಸಬೇಕು. ಒಂದನ್ನು ಹಳೆಯದಾಗಿಯೇ ಬಿಟ್ಟರೆ ಗಾಡಿಯು ಸೊಟ್ಟ ನಿಲ್ಲುವುದು. ಅಸಲು ಭಾಗ ದೊರೆತರೆ ಅದೇ ಸರಿ. ದೊರೆಯದೆ ಸುರುಳಿ ಸುತ್ತುವ ಕಾರ್ಖಾನೆಗೆ ಮಾಡಲು ಕೊಡುವುದಾದರೆ ತಂತಿಯ ದಪ್ಪವನ್ನು ತುಕ್ಕು ಕೆರೆದು ವರ್ನಿಯರಿನಿಂದ ಅಳೆದು, ಹೊರಸುತ್ತಿನ ಅಗಲ, ಸುತ್ತುಗಳ ಎಣಿಕೆ, ತುದಿಗಳ ಆಕಾರ, ಸುತ್ತಿರುವುದು ಎಡಕ್ಕೋ ಬಲಕ್ಕೋ ಎಂಬುದು, ಇವುಗಳ ಜೊತೆಗೆ ಕಾಟಾದ ತೂಕದ ಚೀಟಿಯನ್ನೂ ಒಯ್ಯಬೇಕು. ಹಳೆಯ ಸುರುಳಿಯ ಉದ್ದವನ್ನು ಮಾತ್ರ ನಂಬಕೂಡದು. ಅದು ಕುಸಿದ ಉದ್ದ. ಸುತ್ತಿದ ಮೇಲೆ ಹದ ಮಾಡುವರೇ, ಹದವಾದ ಸುರುಳಿಯನ್ನು ಸುತ್ತಿಗೆ ಸುತ್ತು ತಾಗುವವರೆಗೆ ಹಲವು ಸಲ ಅದುಮಿ ಬಿಡುವರೇ ಎಂದು ಕೇಳಿರಿ. ಹಾಗೆ ಅದುಮದ ಸುರುಳಿಯು ಮಾಡಬೇಕಾದ ಕುಸಿತವನ್ನು ಗಾಡಿಯ ಕೆಳಗೆ ಮಾಡುವುದು.

ಹಾಕಿಸಿದ ಮೇಲೆ ಚಕ್ರಗಳ ಅಲೈನ್‌ಮೆಂಟನ್ನು ನೋಡಿಸಿ, ಎತ್ತರ ಬದಲಾದುದರಿಂದ ಮುಂದಿನ ದೀಪಗಳ ಬೆಳಕು ಎದುರು ಗಾಡಿಯವರ ಕಣ್ಣಿಗೆ ಹೊಡೆಯದಂತೆಯೂ ತಿರುಗಿಸಿಕೊಳ್ಳಬೇಕು. ಐದುನೂರು ಕಿಲೋಮೀಟರು ಓಡಿದ ಬಳಿಕ ಅದೇ ಗಿರಣಿಯ ಕಣದಲ್ಲಿ ಮತ್ತೊಮ್ಮೆ ಅಳೆಯಲಿ. ನಾಲ್ಕೂ ಕಡೆ ಸಮನಾಗಿ ನಾಲ್ಕೈದು ಮಿಲಿಮೀಟರು ಇಳಿದಿದ್ದರೆ ಚಿಂತೆಯಿಲ್ಲ. ಒಂದೇ ಮೂಲೆ ಇಳಿದಿದ್ದರೆ ಆ ಸುರುಳಿಯನ್ನು ರಸೀತಿಯೊಡನೆ ಮಾಡಿದವರಿಗೆ ಹಿಂದಿರುಗಿಸಿ ಬೇರೆಯ ಜೊತೆಯನ್ನು ಕೇಳಿರಿ.